ಕೊಲೆಯಾದ ಮೇಲೆ ನೆಲ ಒರೆಸುವವರು

ನನಗೆ ದೆವ್ವದ ಭಯವಿಲ್ಲ. ಕತ್ತಲೆಯ ಭಯ ಚಿಕ್ಕವಳಿದ್ದಾಗ ಇತ್ತು. ಜೇವರ್ಗಿಗೆ ಮದುವೆಯಾಗಿ ಬಂದು, ಕರೆಂಟು ಹೋದಾಗಲೆಲ್ಲ ಮೇಣದಬತ್ತಿ ಹುಡುಕುವ ಕೆಲಸ ನನ್ನ ಪಾಲಿಗೆ ಬಿದ್ದ ಮೇಲೆ ಅದೂ ಬಿಟ್ಟುಹೋಯಿತು. ಮುಖವಾಡ ಹಾಕಿಕೊಂಡು ಮಚ್ಚು ಹಿಡಿದು ಮನೆಯೊಳಗೆ ನುಗ್ಗುವವನನ್ನು ಟಿವಿಯಲ್ಲಿ ನೋಡಿದರೆ ಪಕ್ಕದ ಮನೆಯ ಕಮಲಕ್ಕ ಕಣ್ಣಿಗೆ ಸೆರಗು ಮುಚ್ಚಿಕೊಳ್ಳುತ್ತಾಳೆ. ನನಗೆ ಮಾತ್ರ ಸಿಟ್ಟು ಬರುತ್ತದೆ. ಇಂಥ ಕೊಚ್ಚುವ ಸಿನಿಮಾ ನೋಡಿ ಹೆದರದೆ ಸಿಟ್ಟಿಗೇಳುವ ಹೆಂಗಸು ಇಡೀ ತಾಲೂಕಿನಲ್ಲಿ ನಾನೊಬ್ಬಳೇ ಎಂದು ಮನೆಯಲ್ಲಿ ಗೇಲಿ ಮಾಡುತ್ತಾರೆ. ಮಾಡಲಿ. ನನ್ನ ಸಿಟ್ಟಿಗೆ ಕಾರಣವಿದೆ. ಅದನ್ನು ಇದುವರೆಗೆ ಯಾವ ನಿರ್ದೇಶಕನೂ ಕಿವಿಗೆ ಹಾಕಿಕೊಂಡಿಲ್ಲವಾದ್ದರಿಂದ ನಿಮ್ಮ ಮುಂದೆ ಹೇಳಿಕೊಳ್ಳುತ್ತಿದ್ದೇನೆ.

ನೀವೂ ಅಂಥ ಒಂದಾದರೂ ಸಿನಿಮಾ ನೋಡಿರುತ್ತೀರಿ. ಒಬ್ಬನನ್ನು ಕೊಂದರೆ ಕೊಡಗಟ್ಟಲೆ ರಕ್ತ ಹರಿಯುತ್ತದೆ. ಗೋಡೆಗೆ, ಪರದೆಗೆ, ಹಾಸಿಗೆಗೆ, ಕೆಲವೊಮ್ಮೆ ಚಾವಣಿಯ ಫ್ಯಾನಿಗೂ ಸಿಡಿಯುತ್ತದೆ. ಫ್ಯಾನಿನ ಮೇಲಿನ ಧೂಳು ಒರೆಸಲು ಸ್ಟೂಲು ಹತ್ತಿ ಕುತ್ತಿಗೆ ಹಿಡಿಸಿಕೊಂಡವರಿಗೇ ಗೊತ್ತು, ಫ್ಯಾನಿಗೆ ರಕ್ತ ಸಿಡಿಸುವುದು ಎಂಥ ಬೇಜವಾಬ್ದಾರಿಯ ಕೆಲಸವೆಂದು. ಆಮೇಲೆ ಏನಾಗುತ್ತದೆ? ಪೊಲೀಸರು ಬರುತ್ತಾರೆ, ಹೋಗುತ್ತಾರೆ. ಮುಂದಿನ ದೃಶ್ಯದಲ್ಲಿ ಅದೇ ಮನೆ, ಅದೇ ನೆಲ, ಕನ್ನಡಿಯ ಹಾಗೆ ಹೊಳೆಯುತ್ತಿರುತ್ತದೆ. ಸತ್ತವನ ತಂಗಿ ಅದೇ ನೆಲದ ಮೇಲೆ ಕಾಲು ಚಾಚಿ ಕೂತು ಅಳುತ್ತಾಳೆ, ಅವಳ ಬಿಳಿ ಬಟ್ಟೆಗೆ ಒಂದು ಚುಕ್ಕೆಯೂ ಹತ್ತುವುದಿಲ್ಲ. ಯಾರು ಒರೆಸಿದರು? ಯಾವಾಗ ಒರೆಸಿದರು? ಯಾವುದರಿಂದ ಒರೆಸಿದರು? ಮಚ್ಚು ಮಸೆಯುವುದನ್ನು ಅಷ್ಟು ಹೊತ್ತು ತೋರಿಸುವವರಿಗೆ ಒಂದು ಬಕೀಟು, ಒಂದು ಅರಿವೆ ತೋರಿಸಲು ಏನು ದಾಡಿ? ರಕ್ತದ ಕಲೆಗೆ ಬಿಸಿ ನೀರು ಹಾಕಿದರೆ ಅದು ಬಟ್ಟೆಗೆ ಕಚ್ಚಿಕೊಳ್ಳುತ್ತದೆ, ತಣ್ಣೀರೇ ಬೇಕು. ಇದು ಮೈನೆರೆದ ಪ್ರತಿ ಹುಡುಗಿಗೂ ಅವಳ ತಾಯಿ ಮೊದಲ ತಿಂಗಳೇ ಹೇಳಿಕೊಡುವ ಮಾತು. ಜಗತ್ತಿನಲ್ಲಿ ರಕ್ತ ತೊಳೆಯುವವರು ನಾವು, ರಕ್ತದ ಸಿನಿಮಾ ತೆಗೆಯುವವರು ಅವರು. ಒಮ್ಮೆಯಾದರೂ ಬಂದು ನಮ್ಮನ್ನು ಕೇಳಬೇಡವೇ?

ಇಷ್ಟೊಂದು ಕೊಲೆಗಳನ್ನು ನೀನು ಯಾಕೆ ನೋಡಿದೆ ಎಂದು ನೀವು ಕೇಳಬಹುದು. ನಾನು ನೋಡಲಿಲ್ಲ, ನನಗೆ ತೋರಿಸಲಾಯಿತು. ನನ್ನ ಮೈದುನ ಶರಣು ಜೇವರ್ಗಿಯಲ್ಲಿ ಮದುವೆಯ ವಿಡಿಯೊ ತೆಗೆಯುತ್ತಾನೆ. ಊರ ಮದುವೆಗಳನ್ನೆಲ್ಲ ತೆಗೆಯುತ್ತ ತನ್ನ ಮದುವೆಯನ್ನು ಮರೆತು ನಮ್ಮ ಜೊತೆಯಲ್ಲೇ ಇದ್ದಾನೆ. ದಿನವೆಲ್ಲ ವಧುವಿನ ತಲೆಯ ಮೇಲೆ ಅಕ್ಕಿ ಬೀಳುವುದನ್ನೇ ನೋಡುವವನಿಗೆ ಸಂಜೆ ತಲೆಯೇ ಬೀಳುವುದನ್ನು ನೋಡಬೇಕೆನಿಸುತ್ತದೋ ಏನೋ. ಫೋನನ್ನು ಟಿವಿಗೆ ಜೋಡಿಸಿ ಪಡಸಾಲೆಯಲ್ಲಿ ಕೂತುಬಿಡುತ್ತಾನೆ. ನಾನು ಅಲ್ಲೇ ಮೆಂತ್ಯಪಲ್ಯ ಬಿಡಿಸುತ್ತಲೋ ತೊಗರಿಬೇಳೆ ಹಸನು ಮಾಡುತ್ತಲೋ ಇರುತ್ತೇನೆ. ಬೇಳೆಯಲ್ಲಿ ಹರಳು ಹುಡುಕುವವಳ ಕಣ್ಣು ಒಮ್ಮೊಮ್ಮೆ ಮೇಲೆ ಹೋಗುತ್ತದೆ, ಅಷ್ಟರಲ್ಲಿ ಯಾರದೋ ಕೈ ಹಾರಿರುತ್ತದೆ. ಶರಣು ಆಗ ಪಾಠ ಶುರು ಮಾಡುತ್ತಾನೆ.

"ವೈನಿ, ಅದು ಖರೇ ಕೈ ಅಲ್ರಿ, ರಬ್ಬರಿಂದು. ಒಳಗ ನಳಿಗಿ ಇರ್ತದ. ಆ ಕಡಿ ಒಬ್ಬಾವ ಕುಂತು ಪಂಪ್ ಹೊಡೀತಿರ್ತಾನ. ಕಂಪ್ಯೂಟರ್‌ದಾಗ ಮಾಡಿದ್ದಲ್ಲ, ಪೂರಾ ಕೈಲೆ ಮಾಡಿದ್ದು. ಕಡಿಮಿ ರೊಕ್ಕದಾಗ ತೆಗೆದ ಸಿನಿಮಾದ ಮಜಾನೇ ಬ್ಯಾರೆ."

"ಅದೆಲ್ಲಾ ಇರಲಿ, ಒರಸಾವ್ ಯಾರು?" ಎಂದು ನಾನು ಕೇಳುತ್ತೇನೆ.

"ಅದನ್ನ ತೋರಸಂಗಿಲ್ರಿ ವೈನಿ. ಅದರಾಗೇನ್ ಹೆದರಿಕಿ ಅದ?"

ಹೀಗೆ ನಡೆಯುತ್ತಿದ್ದ ಮಾತು ಮಾತಾಗಿಯೇ ಉಳಿದಿದ್ದರೆ ಈ ಬರಹ ಇರುತ್ತಿರಲಿಲ್ಲ. ಈ ಸಲದ ಆಷಾಢದಲ್ಲಿ ಮದುವೆಗಳು ನಿಂತವು, ಕ್ಯಾಮೆರಾ ಮೂಲೆ ಸೇರಿತು, ಶರಣುವಿನ ತಲೆ ಖಾಲಿಯಾಯಿತು. ಖಾಲಿ ತಲೆಯಲ್ಲಿ ಒಂದು ಸಿನಿಮಾ ಹುಟ್ಟಿತು. ಅದರ ಹೆಸರು ಹೇಳಿ ನಾನು ಪ್ರಚಾರ ಕೊಡುವುದಿಲ್ಲ. ಕಥೆಯೂ ಬಹಳವಿಲ್ಲ: ಮುಖವಾಡದವನೊಬ್ಬ ಮನೆಮನೆಗೆ ಹೋಗಿ ಹೊಟ್ಟೆ ಸೀಳುತ್ತಾನೆ. ಯಾಕೆ ಸೀಳುತ್ತಾನೆ ಎಂದು ಕೇಳಿದೆ. "ಅದು ಕಡೀಕ ತಿಳೀತದ್ರಿ" ಎಂದ. ಸಿನಿಮಾ ಮುಗಿದು ಹೊರಬಂದಿದೆ, ನನಗಂತೂ ಇನ್ನೂ ತಿಳಿದಿಲ್ಲ. ಸೀಳುವುದಕ್ಕೆ ಅಫಜಲಪುರ ತಾಲೂಕಿನ ಗೊಬ್ಬೂರಿನಿಂದ ಚಂದ್ರಕಾಂತ ಎಂಬ ರೈತನನ್ನು ಗೊತ್ತುಮಾಡಿದ್ದ. ಆಳು ಬಾಗಿಲು ತುಂಬುವಷ್ಟು ದೊಡ್ಡವನು, ದನಿ ಮಾತ್ರ ಹಾಲು ಕೇಳಲು ಬಂದ ಬೆಕ್ಕಿನದು. ಮೊದಲ ದಿನವೇ ಮುಖವಾಡ ಹಾಕಿಕೊಂಡೇ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಕ್ಕಾರ, ಜರಾ ಕುಡಿಲಿಕ್ಕ ನೀರ್ ಕೊಡ್ರಿ" ಎಂದ. ಕೊಟ್ಟೆ. ಮುಖವಾಡಕ್ಕೆ ಬಾಯಿ ಇರಲಿಲ್ಲ. ನೀರೆಲ್ಲ ನನ್ನ ಹೊಸ್ತಿಲ ಮೇಲೆ. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಎಲ್ಲಕ್ಕಿಂತ ದೊಡ್ಡ ಕೊಲೆ ಯಾವ ಮನೆಯಲ್ಲಿ ನಡೆಯಬೇಕು ಎಂಬ ಪ್ರಶ್ನೆ ಬಂದಾಗ ಊರಿನ ಯಾವ ಮನೆಯೂ ಸಿಗಲಿಲ್ಲವಂತೆ. ನಮ್ಮ ಮನೆ ಸಿಕ್ಕಿತು. ಅದೂ ನಮ್ಮ ಅತ್ತೆಗೆ ಗೊತ್ತಿಲ್ಲದೆ. ಅತ್ತೆ ನಾಗರ ಅಮಾವಾಸ್ಯೆಗೆ ಓಣಿಯ ಹೆಂಗಸರ ಜೊತೆ ಘತ್ತರಗಿಯ ಭಾಗ್ಯವಂತಿ ದೇವಿಯ ಗುಡಿಗೆ ಹೋಗಿ ಮರುದಿನ ಬರುವವರಿದ್ದರು. ಅದೇ ದಿನ ಗೊತ್ತಾಯಿತು. ನಾನು ಬೇಡವೆಂದೆ. ಶರಣು ಸಣ್ಣ ಮುಖ ಮಾಡಿದ. ನಾನು ಮತ್ತೆ ಬೇಡವೆಂದೆ. ಆಗ ಅವನು ಅಂಗಡಿಯಿಂದ ಕುರಿಯ ಕರುಳು ತರುವ ಮಾತೆತ್ತಿದ. ಚೀಲದಲ್ಲಿ ಕಟ್ಟಿಸಿ ತಂದು ಹಿತ್ತಲಲ್ಲಿ ಇಡುತ್ತಾನಂತೆ, ಹತ್ತು ನಿಮಿಷದ ಕೆಲಸವಂತೆ.

"ನಿಮ್ಮವ್ವ ಮುಂಜಾನೆದ್ದು ಲಿಂಗಪೂಜಿ ಮಾಡೋ ಮನಿ ಇದು. ಇಲ್ಲಿ ತತ್ತಿ ಹೆಸರ ತಗೊಂಡ್ರೂ ಬಾಯಿ ತೊಳ್ಕೊಳಾಕ ಹಚ್ತಾರ. ಕರಳು ತರ್ತಾನಂತ ಕರಳು," ಎಂದೆ.

"ಹಂಗಾದ್ರ ಏನ್ ಮಾಡ್ಲಿ ಹೇಳ್ರಿ. ಹೊಟ್ಟಿ ಸೀಳಿದ ಮ್ಯಾಲೆ ಏನರ ಹೊರಗ ಬರಬೇಕಲ್ರಿ. ಏನೂ ಬರಲಿಲ್ಲಂದ್ರ ಮಂದಿ ನಗ್ತಾರ."

ಇಲ್ಲಿಯೇ ನನ್ನ ಬುದ್ಧಿ ಜಾರಿದ್ದು. ಮಾಂಸ ಹೊಸ್ತಿಲು ದಾಟಬಾರದೆಂಬ ಒಂದೇ ಹಟದಲ್ಲಿ, ಬೇಕಾದ್ದನ್ನು ನಾನೇ ಮಾಡಿಕೊಡುತ್ತೇನೆ ಎಂದುಬಿಟ್ಟೆ. ಹೋಳಿಗೆಗೆ ನಾದುವ ಹಾಗೆ ಕಣಕ ನಾದಿದೆ, ಉದ್ದಕ್ಕೆ ಹೊಸೆದೆ, ಕುದಿಯುವ ನೀರಿಗೆ ಬಿಟ್ಟು ಬಿಳಿಚಿಕೊಂಡ ಮೇಲೆ ತೆಗೆದು ಎಣ್ಣೆ ಸವರಿದೆ. ಬೆಲ್ಲದ ಪಾಕ ಹಿಡಿದು, ಮೈದಾ ಗಂಜಿ ಕೂಡಿಸಿ, ಮಿಠಾಯಿಗೆ ಹಾಕುವ ಕೆಂಪು ಬಣ್ಣ ಹಾಕಿದೆ. ಹಬ್ಬದ ದಿನ ಏಲಕ್ಕಿ ಹಾಕುವ ರೂಢಿಯ ಕೈ, ಅದಕ್ಕೂ ಏಲಕ್ಕಿ ಹಾಕಿತು. ಶರಣು ಬೆರಳಿನಿಂದ ಎತ್ತಿ ನೆಕ್ಕಿ ನೋಡಿ, "ವೈನಿ, ರಕ್ತ ಭಾಳ ಛಲೋ ಆಗ್ಯದ್ರಿ" ಎಂದ. ಮದುವೆಯಾಗಿ ಇಷ್ಟು ವರ್ಷದಲ್ಲಿ ನಾನು ಮಾಡಿದ ಹೋಳಿಗೆಗೆ ಈ ಮನೆಯಲ್ಲಿ ಯಾರೂ ಇಷ್ಟು ಬಾಯಿತುಂಬ ಹೇಳಿರಲಿಲ್ಲ.

ಅಮಾವಾಸ್ಯೆಯ ದಿನ ಅತ್ತೆ ಬಸ್ಸು ಹತ್ತಿದರು, ಚಂದ್ರಕಾಂತ ಬಸ್ಸು ಇಳಿದ. ಬೆನ್ನ ಮೇಲೆ ಹೊಲಕ್ಕೆ ಔಷಧ ಹೊಡೆಯುವ ಪಂಪು ಕಟ್ಟಿಕೊಂಡೇ ಬಂದಿದ್ದ. ತೊಗರಿಗೆ, ಹತ್ತಿಗೆ ಹೊಡೆಯುತ್ತಾರಲ್ಲ, ಅದೇ. ರಕ್ತ ಚಿಮ್ಮಿಸುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಧನ ಸಿನಿಮಾದವರ ಬಳಿಯೂ ಇಲ್ಲವೆಂದು ಅವನೂ ಶರಣುವೂ ತೀರ್ಮಾನಿಸಿದ್ದರು. ಅದರಲ್ಲಿ ವಿಷ ತುಂಬಿದ್ದಿರೇನು ಎಂದು ಕೇಳಿದೆ. "ಹೊಸಾದ್ರಿ ಅಕ್ಕಾರ, ಇನ್ನೂ ಹೊಲ ನೋಡಿಲ್ಲ ಅದು" ಎಂದ. ಅಂತೂ ಹೊಲ ನೋಡುವ ಮೊದಲು ಅದು ನನ್ನ ಪಡಸಾಲೆ ನೋಡಿತು. ಎಲ್ಲ ಸಜ್ಜಾಯಿತು, ಸಾಯಬೇಕಾದವನು ಮಾತ್ರ ಬರಲಿಲ್ಲ. ಅಮಾವಾಸ್ಯೆಯ ದಿನ ಸಾಯುವುದು ಬೇಡವೆಂದು ಅವನ ಹೆಂಡತಿ ಹಟ ಹಿಡಿದಿದ್ದಳಂತೆ. ಎಂಥ ತಿಳಿವಳಿಕೆಯ ಹೆಣ್ಣುಮಗಳು. ನನ್ನ ಗಂಡನಾದರೋ ತಾವು ಲೆಕ್ಕ ಬರೆಯುವ ಧಾನ್ಯದ ಅಡತಿ ಅಂಗಡಿಗೆ ರಜೆಯೆಂದು ಬನಿಯನ್ನಿನಲ್ಲಿ ಕೂತು ಪೇಪರು ಓದುತ್ತಿದ್ದವರು, "ಬರೇ ಮಲಗೋದು ಹೌದಿಲ್ಲೋ? ನಾ ಸಾಯ್ತೇನಿ ತಗೋ" ಎಂದು ಎದ್ದೇಬಿಟ್ಟರು. ಮನೆಯಲ್ಲಿ ಬಲ್ಬು ಹಾಕಿ ಎಂದರೆ ಏಳದ ಮನುಷ್ಯ.

ನಾನು ಸುಮ್ಮನಿರಲಿಲ್ಲ. "ಅಮಾಸಿ ದಿನ ನನ್ನ ಕಣ್ಣ ಮುಂದ ನನ್ನ ಗಂಡನ್ನ ಸಾಯಸ್ತೀಯೇನು? ಬೇಕಾದ್ರ ಗಾಯ ಮಾಡು, ಜೀವ ಇಟಗೋ" ಎಂದೆ.

"ವೈನಿ, ಕರಳು ಹೊರಗ ಬಂದ ಮ್ಯಾಲೆ ಮನಿಷಾ ಹೆಂಗ ಬದುಕ್ತಾನ್ರಿ?"

"ಕಲಬುರಗಿ ದವಾಖಾನಿಗೆ ಒಯ್ರಿ."

"ಅಷ್ಟು ದೂರದ ಶೂಟಿಂಗ್ ನಮಗ ಆಗಂಗಿಲ್ರಿ."

ಕೊನೆಗೆ ಒಂದು ರಾಜಿಯಾಯಿತು. ಹಣೆಯ ವಿಭೂತಿ ಅಳಿಸಬಾರದು, ಕಣ್ಣು ಪೂರ್ತಿ ಮುಚ್ಚಬಾರದು, ನಾನು ಅಡುಗೆಮನೆಯಲ್ಲಿ ಇರುತ್ತೇನೆ. ಅಂಗಿಯೊಳಗೆ ಪಂಪಿನ ನಳಿಗೆ ಸೇರಿಸಿದರು, ಹೊಟ್ಟೆಯ ಮೇಲೆ ನನ್ನ ಕಣಕ ಸುತ್ತಿದರು. ನಾನು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ. ನಾನು ಬೆನ್ನು ತಿರುಗಿಸಿದ ಗಳಿಗೆಯಲ್ಲಿ ಶರಣುವಿಗೆ ನನ್ನ ರಕ್ತದ ಬಣ್ಣ ಮಂಕಾಗಿ ಕಂಡಿತು. ಅಟ್ಟದ ಮೇಲೆ ಹೋಳಿಹುಣ್ಣಿಮೆಯಲ್ಲಿ ಉಳಿದ ಬಣ್ಣದ ಪುಡಿಯ ಪೊಟ್ಟಣವಿತ್ತು. ಕಲಬುರಗಿ ಸೀಮೆಯ ಹೋಳಿಬಣ್ಣ ನೀವು ನೋಡಿಲ್ಲದಿದ್ದರೆ ಹೇಳುತ್ತೇನೆ: ಅದನ್ನು ಹಚ್ಚಿಸಿಕೊಂಡವನು ಯುಗಾದಿಗೂ ಕೆಂಪಾಗಿಯೇ ಇರುತ್ತಾನೆ. ಅದನ್ನು ಪೂರ್ತಿ ಪೊಟ್ಟಣ ಪಂಪಿಗೆ ಸುರಿದ. ಚಂದ್ರಕಾಂತ ಹೊಲದ ರೂಢಿಯಲ್ಲಿ ಹ್ಯಾಂಡಲು ಎತ್ತಿ ಇಳಿಸಿ ಎತ್ತಿ ಇಳಿಸಿ ಗಾಳಿ ಕೂಡಿಸಿದ. ಎಕರೆಗಟ್ಟಲೆ ತೊಗರಿಗೆ ಸಾಲುವಷ್ಟು ಗಾಳಿ, ಪಾಪ, ಒಬ್ಬ ಅಡತಿ ಗುಮಾಸ್ತನ ಹೊಟ್ಟೆಗೆ. ಮುಂದೆ ಆದದ್ದನ್ನು ನಾನು ನೋಡಲಿಲ್ಲ, ಕೇಳಿದೆ. ಮೊದಲು 'ಫಟ್' ಎಂದು ನಳಿಗೆ ಬಿಚ್ಚಿದ ಸದ್ದು, ಆಮೇಲೆ ಮಳೆ ಸುರಿದ ಹಾಗೆ ಸದ್ದು, ಆಮೇಲೆ "ಅಕ್ಕಾರ, ಬರಬ್ಯಾಡ್ರಿ" ಎಂಬ ಚಂದ್ರಕಾಂತನ ಸಣ್ಣ ದನಿ.

ಹೋದೆ. ಪಡಸಾಲೆಯ ನಡುವೆ ನನ್ನ ಗಂಡ ಕರುಳು ಹರಡಿಕೊಂಡು ಬಿದ್ದಿದ್ದರು. ಸುತ್ತಲೂ ಕೆಂಪೋ ಕೆಂಪು. ದೇವರಮನೆಯ ಬಾಗಿಲವರೆಗೆ ನೆಲ ಕಾಣಲಿಲ್ಲ. ನಮ್ಮದು ಶಹಾಬಾದಿ ಫರಸಿಯ ನೆಲ. ಬೇಸಿಗೆಯಲ್ಲಿ ತಂಪು, ನೋಡಲು ನೀಲಿ, ಆದರೆ ಅದಕ್ಕೆ ಹಸಿದವನ ಗುಣ: ಚೆಲ್ಲಿದ್ದನ್ನೆಲ್ಲ ಕುಡಿಯುತ್ತದೆ. ಲಿಂಬೆರಸ ಬಿದ್ದರೆ ಬೆಳ್ಳಗೆ ಸುಟ್ಟುಹೋಗುತ್ತದೆ, ಎಣ್ಣೆ ಬಿದ್ದರೆ ಜನ್ಮಪೂರ್ತಿ ಮರೆಯುವುದಿಲ್ಲ. ಅಂಥ ಕಲ್ಲಿಗೆ ಇವರು ಹೋಳಿಬಣ್ಣ ಕುಡಿಸಿದ್ದರು. ನಾನು ಬಾಯಿ ತೆರೆಯುವಷ್ಟರಲ್ಲಿ ಶರಣು ಕೈಸನ್ನೆ ಮಾಡಿದ. ಕ್ಯಾಮೆರಾ ಓಡುತ್ತಿತ್ತು. ಇಷ್ಟು ಚಂದದ ರಕ್ತ ಮತ್ತೆ ಸಿಗುವುದಿಲ್ಲವೆಂದು ಅವನು ಅದನ್ನೇ ಎಲ್ಲ ಕಡೆಯಿಂದ ತೆಗೆಯುತ್ತಿದ್ದ. ಅಷ್ಟರಲ್ಲಿ ಬೆಲ್ಲದ ವಾಸನೆಗೆ ಗೋಡೆಯ ಸಂದಿಯಿಂದ ಇರುವೆಗಳ ಸಾಲು ಹೊರಟು ನನ್ನ ಗಂಡನ ಕರುಳಿಗೆ ಹತ್ತಿತು. ಹೆಣ ಎದ್ದು ಕುಣಿಯಬೇಕಲ್ಲವೇ? ಇಲ್ಲ. ಹೆಣಕ್ಕೆ ನಿದ್ದೆ ಹತ್ತಿತ್ತು, ಗೊರಕೆ ಹೊಡೆಯುತ್ತಿತ್ತು.

ಆಮೇಲಿನದು ನಾನು ಜೀವಮಾನದಲ್ಲಿ ಮರೆಯುವುದಿಲ್ಲ. ಕೊಂದವನು ಕೈಕಾಲು ತೊಳೆದುಕೊಂಡ. ಸತ್ತವರು ಎದ್ದು ಸ್ನಾನ ಮಾಡಿ, ಎರಡು ರೊಟ್ಟಿ ಬದನೆಕಾಯಿ ಪಲ್ಯ ತಿಂದು, ಸತ್ತದ್ದಕ್ಕೆ ದಣಿವಾಯಿತೆಂದು ಒಳಗೆ ಹೋಗಿ ಮಲಗಿದರು. ನಿರ್ದೇಶಕ ಚಂದ್ರಕಾಂತನನ್ನು ಬಸ್ಸಿಗೆ ಬಿಡಲು ಹೋದ. ಹೋಗುವಾಗ ಬಾಗಿಲಲ್ಲಿ ನಿಂತು, "ವೈನಿ, ಜರಾ ಅದೊಂದು ಒರಸಿಬಿಡ್ರಿ" ಎಂದ. ಜರಾ. ಅದೊಂದು. ಇಷ್ಟು ವರ್ಷ ಟಿವಿಯ ಮುಂದೆ ಕೂತು ನಾನು ಕೇಳಿದ ಪ್ರಶ್ನೆಗೆ ಅಂತೂ ಉತ್ತರ ಸಿಕ್ಕಿತು. ಕೊಲೆಯಾದ ಮೇಲೆ ನೆಲ ಒರೆಸುವವಳು ಯಾರೆಂದರೆ ಚಹಾ ಮಾಡಲು ಒಳಗೆ ಹೋಗಿದ್ದವಳು.

ಒರೆಸಿದೆ. ಬೆಲ್ಲ ಹೋಯಿತು, ಮೈದಾ ಹೋಯಿತು, ಬಣ್ಣ ಹೋಗಲಿಲ್ಲ. ಸಾಬೂನಿನ ಪುಡಿ, ಸೋಡಾ, ಸೀಗೆಪುಡಿ, ಒಲೆಯ ಬೂದಿ, ಒಂದೊಂದನ್ನೂ ಹಾಕಿ ತೆಂಗಿನ ನಾರಿನಿಂದ ಉಜ್ಜಿದೆ. ಬಕೀಟಿನ ನೀರು ಕೆಂಪಾಗುತ್ತಿತ್ತು, ನನ್ನ ಅಂಗೈ ಕೆಂಪಾಗುತ್ತಿತ್ತು, ಕಲ್ಲು ಮಾತ್ರ ತನ್ನ ಕೆಂಪನ್ನು ಬಿಟ್ಟುಕೊಡಲಿಲ್ಲ. ನಿದ್ದೆ ಮುಗಿಸಿ ಎದ್ದ ನನ್ನ ಗಂಡ ಬಚ್ಚಲು ತೊಳೆಯುವ ಆ್ಯಸಿಡ್ಡಿನ ಬಾಟಲಿ ಹಿಡಿದು ಬಂದರು. ಫರಸಿಯ ಮೇಲೆ ಅದು ಬಿದ್ದರೆ ಬುಸುಗುಟ್ಟಿ ಕಲ್ಲೇ ತಿಂದುಹೋಗುತ್ತದೆ, ಕೈಯಿಂದ ಕಿತ್ತುಕೊಂಡೆ. "ಹಂಗಾದ್ರ ಮ್ಯಾಲೊಂದು ಚಾಪಿ ಹಾಸು, ಮುಗೀತು" ಎಂದು ಹೇಳಿ ಪೇಪರು ಹಿಡಿದರು. ಅವರಿಗೆ ಮುಗಿದೇ ಇತ್ತು, ಅವರು ಮಧ್ಯಾಹ್ನವೇ ಸತ್ತಿದ್ದರಲ್ಲ.

ನನಗೆ ಯಾಕೆ ಮುಗಿದಿರಲಿಲ್ಲ ಎಂದರೆ, ಮುಂದೆ ಬರುವುದು ಶ್ರಾವಣದ ಮೊದಲ ಸೋಮವಾರ. ಆ ದಿನ ನಮ್ಮ ಮನೆಗೆ ಜಂಗಮರಾದ ಅಯ್ಯನವರು ಬರುತ್ತಾರೆ, ನಾವು ಕರೆಯುವುದು ಅಪ್ಪಾರು ಎಂದು. ಅದೇ ಪಡಸಾಲೆಯಲ್ಲಿ, ದೇವರಮನೆಯ ಬಾಗಿಲೆದುರು ಮಣೆ ಹಾಕಿ ಕೂರಿಸಿ, ಪಾದ ತೊಳೆದು ಪೂಜೆ ಮಾಡಿ, ಅವರ ಪ್ರಸಾದವಾದ ಮೇಲೆ ಮನೆಯವರು ಉಣ್ಣುವುದು. ಅತ್ತೆ ಈ ಮನೆಗೆ ಸೊಸೆಯಾಗಿ ಬಂದ ವರ್ಷದಿಂದ ತಪ್ಪದೆ ನಡೆಸಿಕೊಂಡು ಬಂದದ್ದು. ಮಾವ ತೀರಿಕೊಂಡ ವರ್ಷವೂ ಬಿಡಲಿಲ್ಲ. ವರ್ಷದಲ್ಲಿ ಅವರು ತಮಗೆಂದು ಕೇಳುವುದು ಅದೊಂದನ್ನೇ. ಅಯ್ಯನವರೋ ಭಾರಿ ನೇಮದವರು. ಹಿಂದಿನ ಓಣಿಯ ಒಂದು ಮನೆಯಲ್ಲಿ ಕಸದ ಬುಟ್ಟಿಯಲ್ಲಿ ತತ್ತಿಯ ಸಿಪ್ಪೆ ಕಂಡು ನೀರೂ ಮುಟ್ಟದೆ ಎದ್ದುಹೋಗಿದ್ದರು. ಆ ಮನೆಯವರು ಇಂದಿಗೂ ಓಣಿಯಲ್ಲಿ ತಲೆ ತಗ್ಗಿಸಿಯೇ ನಡೆಯುತ್ತಾರೆ. ಸಿಪ್ಪೆಗೇ ಹೀಗಾದರೆ, ದೇವರಮನೆಯ ಬಾಗಿಲಲ್ಲಿ ಒಂದು ಕುರಿ ಕೊಯ್ದಷ್ಟು ಕೆಂಪು ಕಂಡರೆ?

ಮರುದಿನ ಅತ್ತೆ ಭಂಡಾರ, ಪ್ರಸಾದ ಹಿಡಿದು ಬಂದರು. ಚಪ್ಪಲಿ ಬಿಟ್ಟು ಒಳಗೆ ಒಂದು ಹೆಜ್ಜೆ ಇಟ್ಟವರು ಅಲ್ಲೇ ನಿಂತರು.

"ಸುವರ್ಣಾ, ಏನ್ಬೇ ಇದು?"

"ಹೋಳಿ ಬಣ್ಣ ಚೆಲ್ಲೇದ್ರಿ ಅತ್ತಿ."

"ಶ್ರಾವಣದಾಗ ಯಾವ ಹೋಳಿ?"

ನಾನು ಶರಣುವಿನ ಮುಖ ನೋಡಿದೆ. ಮನೆಮನೆಯ ಜನರನ್ನು ಕೊಲ್ಲಿಸಹೊರಟ ಧೀರ ಫೋನು ನೋಡುತ್ತ ಹಿತ್ತಲಿಗೆ ನಡೆದ. ನನ್ನ ಗಂಡ ಪೇಪರನ್ನು ಇನ್ನಷ್ಟು ಅಗಲ ಮಾಡಿದರು. ಅಟ್ಟ ಸ್ವಚ್ಛ ಮಾಡುವಾಗ ಪೊಟ್ಟಣ ಬಿತ್ತೆಂದು ನಾನೇ ಹೇಳಿದೆ. ಕೊಂದವರು ಅವರು, ಸುಳ್ಳು ಹೇಳಿದವಳು ನಾನು. ಅತ್ತೆ ಬಗ್ಗಿ ಕಲ್ಲನ್ನು ಬೆರಳಿನಿಂದ ಮುಟ್ಟಿ, ಬೆರಳನ್ನು ನೋಡಿಕೊಂಡು, "ಈ ಸಲ ಅಪ್ಪಾರಿಗೆ ಬರಬ್ಯಾಡ್ರಿ ಅಂತ ಹೇಳಿ ಕಳಸೋಣೇನು" ಎಂದು ಮೆಲ್ಲಗೆ ಕೇಳಿದರು. ಅವರು ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಆ ದಿನದಿಂದ ಸೋಮವಾರದವರೆಗೆ ನಾನು ಉಜ್ಜಿದ್ದನ್ನು ಬರೆದರೆ ಓದುವ ನಿಮ್ಮ ಕೈಯೂ ನೋಯುತ್ತದೆ. ಕೆಂಪು ಗುಲಾಬಿಯಾಯಿತು, ಗುಲಾಬಿಯಲ್ಲೇ ನಿಂತುಬಿಟ್ಟಿತು.

ಸೋಮವಾರ ಬೆಳಗ್ಗೆ ಬೇರೆ ದಾರಿ ಕಾಣದೆ ಗಂಡನ ಮಾತೇ ಕೇಳಿದೆ. ಕಲೆಯ ಮೇಲೆ ದಪ್ಪ ಜಮಖಾನ ಹಾಸಿ, ಅದರ ಮೇಲೆ ಮಣೆ ಇಟ್ಟೆ. ಅಯ್ಯನವರು ಬಂದರು, ಕೂತರು. ಕಮಲಕ್ಕ ಸಮೇತ ಓಣಿಯ ನಾಲ್ಕು ಹೆಂಗಸರು ಬಂದು ಕೂತರು. ನನ್ನ ಗಂಡ ತಂಬಿಗೆ ಹಿಡಿದು ನೀರು ಹಾಕಿದರು, ಅತ್ತೆ ಹಿತ್ತಾಳೆಯ ತಾಟಿನಲ್ಲಿ ಪಾದ ತೊಳೆದರು. ಅಷ್ಟು ವರ್ಷ ಒಂದು ಹನಿ ಹೊರಗೆ ಹೋಗದಂತೆ ನೀರು ಹಾಕಿದ ಮನುಷ್ಯ ಆ ದಿನ ಮನಸ್ಸಿನಲ್ಲಿ ಕಳ್ಳನನ್ನು ಇಟ್ಟುಕೊಂಡು ಎತ್ತಲೋ ನೋಡುತ್ತ ಅರ್ಧ ತಂಬಿಗೆ ಜಮಖಾನಕ್ಕೆ ಹೊಯ್ದರು. ಜಮಖಾನ ನೀರು ಕುಡಿಯಿತು, ಕೆಳಗಿನ ಕಲ್ಲೂ ಕುಡಿಯಿತು. ನಾನು ವಾರವಿಡೀ ಬೇಡಿಕೊಂಡರೂ ಬಿಡದ ಬಣ್ಣವನ್ನು ಆ ಕಲ್ಲು ಆಗ ಧಾರಾಳವಾಗಿ ಬಿಟ್ಟಿತು. ಅಯ್ಯನವರು ಪಾದವನ್ನು ತಾಟಿನಿಂದ ತೆಗೆದು ಜಮಖಾನದ ಮೇಲಿಟ್ಟರು. ಎತ್ತಿದಾಗ ಹಿಮ್ಮಡಿ ಕೆಂಪಾಗಿತ್ತು. ಬಿಳಿಯ ಧೋತರದ ಅಂಚು ಕೆಂಪಾಗಿತ್ತು.

ಅತ್ತೆಯ ಕೈಯಲ್ಲಿದ್ದ ಬಿಲ್ವಪತ್ರೆ ಕೈಯಲ್ಲೇ ಉಳಿಯಿತು. ಅವರ ಮುಖ ನೋಡಿದೆ, ನನ್ನೊಳಗೆ ಅಷ್ಟು ದಿನ ಕುದಿಯುತ್ತಿದ್ದದ್ದು ಉಕ್ಕಿತು.

"ರಕ್ತ ಅಲ್ರಿ ಅಪ್ಪಾರ," ಎಂದೆ. "ಅಮಾಸಿ ದಿನ ಇವರನ್ನ ಇಲ್ಲೇ ಕೊಂದಾರ್ರಿ. ಕೊಲ್ಲಿಸಿದಾವ್ ಅಲ್ಲಿ ಊದಿನಕಡ್ಡಿ ಹಿಡಕೊಂಡು ನಿಂತಾನ ನೋಡ್ರಿ. ಸಿನಿಮಾಕ್ಕಂತ. ಅತ್ತಿಗೆ ಏನೂ ಗೊತ್ತಿಲ್ಲ. ಅವರ ನೇಮ ಕೆಡಿಸಬ್ಯಾಡ್ರಿ."

ಅಯ್ಯನವರು ತಂಬಿಗೆ ಹಿಡಿದು ನಿಂತಿದ್ದ ನನ್ನ ಗಂಡನನ್ನು ಮೇಲಿಂದ ಕೆಳಗೆ ನೋಡಿದರು. "ನೀ ಸತ್ತಿದ್ದೇನಪ್ಪಾ?"

"ಹೌದ್ರಿ ಅಪ್ಪಾರ. ಸ್ವಲ್ಪ ಹೊತ್ತು."

"ಮಾಂಸದ್ದೇನರ ಒಳಗ ಬಂದಿತ್ತೇನವ್ವಾ?" ಎಂದು ನನ್ನನ್ನು ಕೇಳಿದರು.

"ಇಲ್ರಿ. ಬೆಲ್ಲ, ಮೈದಾ, ಕಣಕ. ಕರಳು ನಾನೇ ಹೊಸೆದೇನ್ರಿ. ಸುಳ್ಳಾದ್ರ ಆ ಭಾಗ್ಯವಂತಿ ನೋಡ್ಕೊಳ್ಳಿ. ರಕ್ತಕ್ಕ ಏಲಕ್ಕಿನೂ ಹಾಕೇನ್ರಿ."

ಏಲಕ್ಕಿಯ ಮಾತು ಯಾಕೆ ಬಂತೋ ನನಗೆ ಗೊತ್ತಿಲ್ಲ. ಅಯ್ಯನವರು ಒಂದೊಂದೇ ಬೆರಳು ಮಡಚಿ ಎಣಿಸಿದರು. ಆಮೇಲೆ, "ಬೆಲ್ಲ, ಕಣಕ, ಏಲಕ್ಕಿ. ಇದು ನೈವೇದ್ಯದ ಸಾಮಾನ ಆತು. ಪೂಜಿ ನಡೀಲಿ" ಎಂದು ಪಾದ ಮುಂದೆ ಚಾಚಿದರು. ಅತ್ತೆ ಪತ್ರೆ ಏರಿಸಿದರು. ಪೂಜೆ ನಡೆಯಿತು, ಪ್ರಸಾದ ನಡೆಯಿತು, ಅಯ್ಯನವರು ಎರಡು ಹೋಳಿಗೆ ಜಾಸ್ತಿಯೇ ಉಂಡರು. ಅವರು ಆಶೀರ್ವಾದ ಮಾಡಿ ಹೋದರು. ಅತ್ತೆ ಬಾಗಿಲು ಹಾಕಿ ಬಂದು ಶರಣುವಿನ ಮುಂದೆ ನಿಂತರು. "ಸಾಯಸಾಕ ನಿನಗ ನಿಮ್ಮಣ್ಣನೇ ಬೇಕಾಗಿತ್ತೇನ್ಲೇ? ನೀ ಏನ್ ಮಾಡ್ತಿದ್ದಿ, ಕತ್ತಿ ಮೇಸ್ತಿದ್ದೇನು?" ಇಷ್ಟೇ ಅಂದರು. ಆದರೆ ಆ ವಾರ ಅವನ ತಾಟಿಗೆ ರೊಟ್ಟಿ ಬಿದ್ದ ಸದ್ದೇ ಬೇರೆ ಇತ್ತು. ನನಗೆ ಏನೂ ಅನ್ನಲಿಲ್ಲ. ಅಯ್ಯನವರು ಬದಲಿಸಿ ಬಿಟ್ಟುಹೋದ ಧೋತರ ತಂದು ನನ್ನ ಕೈಗೆ ಕೊಟ್ಟರು. ಅದನ್ನೂ ನಾನೇ ತೊಳೆದೆ. ತಣ್ಣೀರಿನಲ್ಲಿ.

ಇಲ್ಲಿಗೆ ಇದು ಮುಗಿಯಬೇಕಿತ್ತು. ಒಂದು ಭಾನುವಾರ ಮಧ್ಯಾಹ್ನ ಶರಣು ಸಿನಿಮಾ ಸಿದ್ಧವಾಯಿತೆಂದು ಎಲ್ಲರನ್ನೂ ಟಿವಿಯ ಮುಂದೆ ಕೂರಿಸಿದ. ಗೊಬ್ಬೂರಿನಿಂದ ಚಂದ್ರಕಾಂತ ಬಂದಿದ್ದ, ಕಮಲಕ್ಕ ಮೊದಲೇ ಸೆರಗು ಸಿದ್ಧ ಮಾಡಿಕೊಂಡು ಕೂತಿದ್ದಳು. ಕೊಲೆಗಳು ಬಂದವು. ಯಾರೂ ಹೆದರಲಿಲ್ಲ. ನನ್ನ ಗಂಡನ ಹೆಣ ಉಸಿರಾಡುತ್ತಿತ್ತು, ಕರುಳಿನ ಮೇಲೆ ಇರುವೆ ಓಡಾಡುತ್ತಿತ್ತು, ಕಮಲಕ್ಕ ನಕ್ಕು ನಕ್ಕು ಕೆಮ್ಮಿದಳು. ಶರಣುವಿನ ಮುಖ ಸಣ್ಣದಾಗಿದ್ದು ಕಂಡು, ಸುಳ್ಳೇಕೆ, ನನ್ನ ಹೊಟ್ಟೆ ತಣ್ಣಗಾಯಿತು. ಅಷ್ಟರಲ್ಲಿ ಪರದೆಯ ಮೇಲೆ ನಮ್ಮ ಖಾಲಿ ಪಡಸಾಲೆ ಬಂತು. ಒಬ್ಬ ಹೆಂಗಸು ಬಕೀಟು ಹಿಡಿದು ಬಂದು, ಸೀರೆ ಎತ್ತಿ ಕಟ್ಟಿ, ಕೂತು ನೆಲ ಉಜ್ಜತೊಡಗಿದಳು. ಶರಣು ಅವಸರದಲ್ಲಿ ಕ್ಯಾಮೆರಾ ಬಂದ್ ಮಾಡದೆ ಬಸ್‌ಸ್ಟ್ಯಾಂಡಿಗೆ ಹೋಗಿದ್ದನಂತೆ. ಅದು ಮೂಲೆಯಲ್ಲಿ ನಿಂತು ಎಲ್ಲವನ್ನೂ ನೋಡಿತ್ತು, ನೋಡಿದ್ದನ್ನು ಅವನು ಹಾಗೇ ಸಿನಿಮಾದ ಕೊನೆಗೆ ಅಂಟಿಸಿದ್ದ.

ಹಿನ್ನೆಲೆಯಲ್ಲಿ ಸಂಗೀತವಿಲ್ಲ. ನಾರು ಕಲ್ಲಿಗೆ ಉಜ್ಜುವ ಸದ್ದು ಮಾತ್ರ. ಹೆಂಗಸು ಉಜ್ಜುತ್ತಾಳೆ, ನಿಲ್ಲಿಸುತ್ತಾಳೆ, ಕೆಂಪು ಅಂಗೈ ನೋಡಿ ತುಟಿ ಕಚ್ಚುತ್ತಾಳೆ, ಮತ್ತೆ ಉಜ್ಜುತ್ತಾಳೆ. ಆಮೇಲೆ ತಲೆ ಎತ್ತಿ, ಒಳಗಿನ ಕೋಣೆಯಿಂದ ಗೊರಕೆ ಬರುವ ದಿಕ್ಕಿಗೆ ನೋಡುತ್ತ, ಬಹಳ ಸಮಾಧಾನದ ದನಿಯಲ್ಲಿ ಹೇಳುತ್ತಾಳೆ: "ಒಬ್ಬೊಬ್ಬರದೂ ಹಿಂಗೇ ಉಜ್ಜಿ ಉಜ್ಜಿ ತೊಗಲು ತೆಗೀತೇನಿ. ಮೊದಲ ನಿಮ್ಮದು."

ಕಮಲಕ್ಕ ಸೆರಗು ಮುಚ್ಚಿಕೊಂಡಿದ್ದಳು. ನನ್ನ ಪಕ್ಕ ಕೂತಿದ್ದ ನನ್ನ ಗಂಡ ಒಂದಿಷ್ಟು ಆಚೆ ಸರಿದರು. ನಾನೂ ಆ ಮುಖವನ್ನು ಪೂರ್ತಿ ನೋಡಲಾರದೆ ಬೇಳೆಯ ಮೊರದ ಕಡೆ ಕಣ್ಣು ತಿರುಗಿಸಿದೆ. ಅದು ನನ್ನ ಮುಖವೆಂದು ನನಗೆ ಇನ್ನೂ ನಂಬಿಕೆಯಿಲ್ಲ.

ನನ್ನನ್ನು ಒಂದು ಮಾತು ಕೇಳದೆ ಇದನ್ನು ಊರಿಗೆಲ್ಲ ತೋರಿಸಿದ್ದಾರೆ. ಇಂಟರ್ನೆಟ್ಟಿನಲ್ಲಿ ನೋಡಿದವರು ಕೆಳಗೆ ಬರೆಯುತ್ತಿದ್ದಾರಂತೆ: ಮುಖವಾಡದವನು ಬೇಕಾರ, ಖರೇ ಖೂನಿ ಮಾಡುವಾಕಿ ಈ ಹೆಣ್ಣುಮಗಳೇ ಎಂದು. ಆಳಂದದಿಂದ ನನ್ನ ಸ್ವಂತ ತಂಗಿ ಫೋನು ಮಾಡಿ, "ಅಕ್ಕಾ, ನೀ ಹಿಂಗ ಯಾವಾಗಿಂದ ಆದಿ? ಮಾಮಾರು ಆರಾಮ ಅದಾರಲ್ಲಾ?" ಎಂದು ಕೇಳಿದಳು. ನಲವತ್ತು ದಾಟಿದ ಹೆಂಗಸು, ಒಬ್ಬರಿಗೂ ಎತ್ತರದ ದನಿಯಲ್ಲಿ ಮಾತಾಡಿದವಳಲ್ಲ, ನನಗೆ ಇಂಥ ಹೆಸರು. ಚಂದ್ರಕಾಂತ ಮೊನ್ನೆ ಬಂದವನು ಚಪ್ಪಲಿಯನ್ನು ಗೋಡೆಗೆ ಸರಿಯಾಗಿ ಜೋಡಿಸಿಟ್ಟು, ಚಹಾ ಕುಡಿದು, ಲೋಟ ತಾನೇ ತೊಳೆದು ಬೋರಲು ಹಾಕಿಹೋದ. ನನ್ನ ಗಂಡ ಉಣ್ಣುವಾಗ ನೀರು ಚೆಲ್ಲಿದರೆ ನನ್ನ ಮುಖವನ್ನೊಮ್ಮೆ ನೋಡಿ ತಾವೇ ಅರಿವೆ ಹುಡುಕುತ್ತಾರೆ. ನಾನು ಏನೂ ಅನ್ನುವುದಿಲ್ಲ. ಸುಮ್ಮನೆ ನೋಡುತ್ತೇನೆ, ಅಷ್ಟೇ.

ನಿನ್ನೆ ಶರಣು ಬಂದು ದೂರದಲ್ಲೇ ನಿಂತು, ಮುಂದಿನ ಸಿನಿಮಾದಲ್ಲಿ ಕೊಲೆಗಾರನ ಪಾತ್ರ ವೈನಿಯದೇ ಆಗಬೇಕೆಂದು ಮಂದಿ ಕೇಳುತ್ತಿದ್ದಾರೆ ಎಂದ. ಇಂಥ ಹೇಸಿಗೆ ಸಿನಿಮಾ ಮಾನವಂತರು ಮಾಡುವ ಕೆಲಸವಲ್ಲವೆಂದು ಅವನಿಗೆ ಸರಿಯಾಗಿಯೇ ಹೇಳಿದ್ದೇನೆ. ನಾನು ಒಪ್ಪಿಲ್ಲ. ಬರೀ ಷರತ್ತು ಹಾಕಿದ್ದೇನೆ: ನಾನು ಯಾರನ್ನು ಕೊಂದರೂ, ಸತ್ತವರು ಎದ್ದು ನೆಲ ಒರೆಸಿಯೇ ಮನೆಗೆ ಹೋಗಬೇಕು.